ಹಾಜರಿ ಪುಸ್ತಕದ ಮನೆತನ

ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಆಳುಗಳ ಹಾಜರಿ ಬರೆಯುವವನು. ಹುಟ್ಟಿದ ಕೂಡಲೇ ದತ್ತು ಹೋಗಿ ಕೆನಡಾದ ಕ್ವಿಬೆಕ್‌ನಲ್ಲಿ ಬೆಳೆದ ಹೆಂಗಸೊಬ್ಬರು, ನಮ್ಮ ಕೂಲಿ ಲೈನಿನ ಮನೆಯಲ್ಲಿದ್ದ ಹೆತ್ತಮ್ಮನ ಗುರುತು ಹುಡುಕಿಕೊಂಡು ಬಂದಿದ್ದರು.

"ಅಲ್ಲಿ ಮದುವೆಯಾದರೂ ಹೆಂಗಸರು ತವರಿನ ಹೆಸರು ಬಿಡಲ್ಲ. ನಮ್ಮಮ್ಮ ಲಕ್ಷ್ಮಿ ಅನ್ನುವುದಷ್ಟೇ ಗೊತ್ತು, ಅವರ ಮನೆತನದ ಹೆಸರೂ ಸಿಕ್ಕರೆ ಸಾಕು," ಎಂದರು ಇಂಗ್ಲಿಷಿನಲ್ಲಿ.

ಹಳೇ ಹಾಜರಿ ಪುಸ್ತಕದಲ್ಲಿ ಸಿಕ್ಕಿತು: ಲಕ್ಷ್ಮಿ ಮುನಿಯಾಂಡಿ. ಆ ಪುಟದ ಎಲ್ಲರ ಹೆಸರಿನ ಮುಂದೆಯೂ ಮುನಿಯಾಂಡಿ.

ಆಕೆ ಕಣ್ಣೊರೆಸಿಕೊಂಡರು. "ಇಷ್ಟು ದೊಡ್ಡ ಕುಟುಂಬವಾ ನಮ್ಮದು!"

"ಅಲ್ಲ ಮೇಡಂ. ಮುನಿಯಾಂಡಿ ಇವರನ್ನೆಲ್ಲ ಕೂಲಿಗೆಂದು ಲಾರಿಯಲ್ಲಿ ತುಂಬಿಕೊಂಡು ಬಂದ ಮೇಸ್ತ್ರಿ. ಯಾರ ಆಳು ಅಂತ ಗೊತ್ತಾಗಲಿ ಎಂದು ಹಾಗೆ ಬರೆಯುತ್ತಿದ್ದರು."

ಆಕೆ ಪುಸ್ತಕ ಮುಚ್ಚಿದರು. "ನಿಮ್ಮ ಹೆಸರು?" ಎಂದರು.

"ಸೆಲ್ವರಾಜ್ ಮುನಿಯಾಂಡಿ."

ನಮ್ಮಜ್ಜನೂ ಅದೇ ಲಾರಿಯಲ್ಲಿ ಬಂದವರು. ಆಧಾರ್‌ನಲ್ಲಿ ಹೆಸರು ತಿದ್ದಿಸಬಹುದಂತೆ, ಏನಂತ ತಿದ್ದಿಸಲಿ?