ಕೊಳಕುಮಂಡಲದ ಮುಂದೆ ಕಳಚಿದ ಚಪ್ಪಲಿ

ಮಕ್ಕಳೇ, ಕಂಪ್ಲಿಗೆ ಹೊರಟ ನಮ್ಮ ಬಸ್ಸು ಚಹಾ ಅಂಗಡಿಯೊಂದರ ಮುಂದೆ ನಿಂತಿತು. ನಾನು ಹಿಂದಿನ ಹುಲ್ಲಿನ ಬಣವೆಯ ಮರೆಗೆ ಹೋದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಏನೋ ಬುಸ್ಸೆಂದಿತು. ಕಾಲ ಬಳಿಯೇ ವಿಷದ ಹಾವು, ಕೊಳಕುಮಂಡಲ! ಹುತ್ತದ ಮುಂದೆ ಮಾಡುವ ರೂಢಿಯಂತೆ, ಒಂದು ಚಪ್ಪಲಿ ಕಳಚಿ ಕೈಮುಗಿದೆ.

“ಯಮ್ಮಾ, ಇನ್ನೊಂದು ಬಿಡಬ್ಯಾಡ್ರಿ!” ಅಂಗಡಿಯಾಕೆ ಕೂಗಿದಳು. “ಅದಕ್ಕ ನಿಮ್ಮ ಭಕ್ತಿ ಗೊತ್ತಾಗಂಗಿಲ್ಲ, ಕಾಲು ಅಲುಗಿದ್ದು ಗೊತ್ತಾಗ್ತೈತಿ. ಅದೂ ಅಂಜೈತಿ. ಸುಮ್ನ ನಿಂದರ್ರಿ.”

ಉಸಿರು ಬಿಗಿಹಿಡಿದು ನಿಂತೆ. ಅದರ ಬೆನ್ನ ಮೇಲೆ ಕಂದು ಮಣಿ ಪೋಣಿಸಿದಂಥ ಸಾಲು. ಭಯದಲ್ಲೂ ಕಣ್ಣು ಕೀಳಲಾಗಲಿಲ್ಲ. ಬುಸುಗುಟ್ಟುವುದು ನಿಂತಿತು. ಹಾವು ನನ್ನ ಚಪ್ಪಲಿಯ ಮೇಲೆಯೇ ಹರಿದು ಬಣವೆಯೊಳಗೆ ಹೋಯಿತು.

“ಕೋಲಿಂದ ಎಳದು ಕೊಡ್ಲೇನ್ರಿ ಚಪ್ಪಲಿ?”

“ಬ್ಯಾಡವ್ವಾ,” ಎಂದೆ.

ಕಂಪ್ಲಿ ಬರುವವರೆಗೂ ಬರಿಗಾಲನ್ನು ಸೀಟಿನ ಮೇಲೆ ಮಡಚಿಕೊಂಡೇ ಕುಳಿತಿದ್ದೆ.