ಎದುರು ಮನೆಯ ಮಾಮಿ ಆಡಿದ ಚೆಸ್

ಕಳೆದ ವಾರ ಬೀರು ಒರೆಸುತ್ತಿದ್ದಾಗ ಬಟ್ಟೆಗಳ ನಡುವಿನಿಂದ ಒಂದು ಮಾಸ್ಕ್ ಜಾರಿ ಬಿತ್ತು. ಹಳೆಯ ಸುಂಗುಡಿ ಸೀರೆಯ ತುಂಡಿನದು. ಕಡುನೀಲಿಯ ಮೇಲೆ ಬಿಳಿ ಚುಕ್ಕೆ. ಎಲಾಸ್ಟಿಕ್ ಜೋತುಬಿದ್ದಿತ್ತು, ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಅದನ್ನು ಹೊಲಿದುಕೊಟ್ಟವರು ನಮ್ಮ ಎದುರು ಮನೆಯ ಮಾಮಿ. ಅಂಗಡಿಯಲ್ಲಿ ಮಾಸ್ಕೇ ಸಿಗದಿದ್ದ ದಿನಗಳಲ್ಲಿ ನಮ್ಮ ಮಹಡಿಯ ನಾಲ್ಕೂ ಮನೆಗೆ ಎರಡೆರಡು ಹೊಲಿದು, ಬಾಗಿಲಿನ ಹಿಡಿಗೆ ಸಿಕ್ಕಿಸಿ ಹೋಗಿದ್ದರು.

ಮೈಲಾಪೂರಿನ ನಮ್ಮ ಹಳೆಯ ಕಟ್ಟಡದಲ್ಲಿ ಕನ್ನಡದವರೆಂದರೆ ನಾವು ಎರಡೇ ಮನೆ. ನಾನು ದಾವಣಗೆರೆಯಿಂದ ಮದುವೆಯಾಗಿ ಬಂದವಳು. ಮಾಮಿಯ ಮನೆಯವರು ಮೂರು ತಲೆಮಾರಿನಿಂದ ಮದರಾಸಿನವರು, ಮಾಧ್ವರು. ಅವರ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಊರಿನ ಇನ್ನೊಂದು ತುದಿಯ ಕ್ರೋಂಪೇಟೆಯಲ್ಲಿದ್ದಳು.

ಲಾಕ್‌ಡೌನ್ ಶುರುವಾಗಿ ಒಂದು ತಿಂಗಳಾಗಿರಬೇಕು. ಗ್ರಿಲ್ ಬಾಗಿಲಿನ ಆಚೆ ನಿಂತು ಮಾಮಿ ಕೇಳಿದರು: "ನೀ ಫೋನ್ನಲ್ಲಿ ಚೆಸ್ ಆಡ್ತೀಯಂತಲ್ಲ ಮಾ, ನಂಗೂ ಹಾಕ್ಕೊಡ್ತೀಯಾ?"

ನನಗೆ ನಗು ಬಂತು. ಆಫೀಸಿನ ಕೆಲಸ ಮನೆಗೇ ಬಂದ ಮೇಲೆ ಬೇಸರ ಕಳೆಯಲು ನಾನು ಆಡುತ್ತಿದ್ದೆ, ಅಷ್ಟೆ. ಅವರ ಮಗಳು ಬಿಟ್ಟುಹೋಗಿದ್ದ ಟ್ಯಾಬ್‌ಗೆ ಆಟ ಹಾಕಿಕೊಟ್ಟು, ಬೆರಳಿನಿಂದ ಕಾಯಿ ಎಳೆಯುವುದು ಹೇಗೆಂದು ಗ್ರಿಲ್‌ನ ಈಚೆಯಿಂದಲೇ ತೋರಿಸಿದೆ. ಮೊದಲ ವಾರ ನಾನೇ ಗೆದ್ದೆ. ಮಾಮಿಗೆ ಟ್ಯಾಬ್ ಅಭ್ಯಾಸವಾಗುವವರೆಗೆ ಮಾತ್ರ... ಆಮೇಲೆ ಒಂದು ಆಟವನ್ನೂ ನಾನು ಗೆದ್ದ ನೆನಪಿಲ್ಲ.

ಮಾಮಿ ಚಿಕ್ಕಂದಿನಲ್ಲಿ ಅಣ್ಣನಿಂದ ಕಲಿತದ್ದಂತೆ. ಅಣ್ಣನ ಗೆಳೆಯರನ್ನೆಲ್ಲ ಸೋಲಿಸಿದ್ದರಂತೆ. ಅಣ್ಣನನ್ನು ಪಂದ್ಯಗಳಿಗೆ ಕಳಿಸಿದರು, ಇವರನ್ನು ಕಳಿಸಲಿಲ್ಲ. ಮದುವೆಯಾದ ಮೇಲೆ ಚೆಸ್ ಬೋರ್ಡನ್ನು ಮುಟ್ಟಿಯೇ ಇರಲಿಲ್ಲ. ಇದನ್ನೆಲ್ಲ ಅವರು ದೂರುವಂತೆ ಹೇಳಲಿಲ್ಲ, ಊರಿನ ಸುದ್ದಿ ಹೇಳುವಂತೆ ಹೇಳಿದರು.

ಲಾಕ್‌ಡೌನ್ ಸಡಿಲವಾದ ಮೇಲೆ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಬಾಗಿಲ ಬಳಿ ಕುರ್ಚಿ, ಇಬ್ಬರಿಗೂ ಮಾಸ್ಕ್. ಅವರು ಯಾವ ಯಾವುದೋ ದೇಶದವರ ಜೊತೆ ಆಡುವುದನ್ನು ನೋಡುತ್ತ ಕೂರುತ್ತಿದ್ದೆ. ಬಾಯಿಬಿಟ್ಟೇ ಯೋಚಿಸುತ್ತಿದ್ದರು: "ಇವನ ಕುದುರೆ ಇಲ್ಲಿ ಬಂದ್ರೆ ನನ್ನ ಮಂತ್ರಿಗೆ ತೊಂದ್ರೆ..." ರಾಣಿ ಎನ್ನುತ್ತಿರಲಿಲ್ಲ; ಅಣ್ಣ ಕಲಿಸಿದ್ದು ಮಂತ್ರಿ. ಆಟ ಮುಗಿದ ಮೇಲೆ ಎಲ್ಲಿ ತಪ್ಪಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಇಂಥ ಎಷ್ಟು ಸಂಜೆಗಳೋ, ಲೆಕ್ಕವಿಲ್ಲ. ಅವರ ಆಟ ಅವರದೇ ಎಂಬುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಯಾರೂ ಇರಲಿಲ್ಲ.

ಒಂದು ದಿನ, ನನ್ನ ಜೊತೆ ಒಂದು ಆಟ ಆಡುತ್ತೀರಾ ಎಂದು ಕೇಳಿದೆ. ಮಾಮಿ ಟ್ಯಾಬ್‌ನಿಂದ ಕಣ್ಣು ತೆಗೆಯದೆ ಹೇಳಿದರು: "ಬೇಡ ಮಾ. ನಿನ್ ಜೊತೆ ಆಡಿದ್ರೆ ನನ್ನ ಆಟ ಕೆಡತ್ತೆ."

ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನಾನು ನಕ್ಕೆ. ಮಾಸ್ಕ್ ಇದ್ದದ್ದರಿಂದ ಮುಖ ಕಾಣಲಿಲ್ಲ. ಮನೆಗೆ ಬಂದ ಮೇಲೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಟ್ಯಾಬ್ ಕಲಿಸಿಕೊಟ್ಟವಳು ನಾನು, ಈಗ ನಾನೇ ಬೇಡವಾದೆ ಅನ್ನಿಸಿತು. ಎರಡು ವಾರ ಅವರ ಮನೆಗೆ ಹೋಗಲಿಲ್ಲ. ಆಫೀಸಿನ ಕೆಲಸ ಹೆಚ್ಚಾಗಿದೆ ಎಂದೆ.

ಅದೇ ಸಮಯಕ್ಕೆ ನಮ್ಮ ಅಸೋಸಿಯೇಷನ್ನಿನವರು ಕಟ್ಟಡದವರಿಗೆಂದು ಆನ್‌ಲೈನ್ ಚೆಸ್ ಪಂದ್ಯ ಇಟ್ಟರು. ಕೆಳಗಿನ ಹಾಲ್ ಇನ್ನೂ ಬೀಗ ಹಾಕಿಯೇ ಇತ್ತು, ಲಿಫ್ಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಹತ್ತುವಂತಿರಲಿಲ್ಲ. ಎಲ್ಲರೂ ಅವರವರ ಮನೆಯಲ್ಲೇ ಕೂತು ಆಡಬಹುದೆಂದು ಯೋಚಿಸಿದ್ದರು. ಹೆಸರು ಕೊಟ್ಟ ಹೆಂಗಸು ಮಾಮಿ ಒಬ್ಬರೇ. ಒಬ್ಬೊಬ್ಬರನ್ನೇ ಸೋಲಿಸುತ್ತ ಬಂದು, ಕೊನೆಯ ಆಟದಲ್ಲಿ ಸೆಕ್ರೆಟರಿಯನ್ನೂ ಸೋಲಿಸಿದರು. ಅವರು ಕಾಲೇಜಿನಲ್ಲಿ ಚಾಂಪಿಯನ್ ಆಗಿದ್ದೆನೆಂದು ಹೇಳಿಕೊಳ್ಳುತ್ತಿದ್ದವರು.

ಸಂಜೆ ನನಗೆ ಫೋನ್ ಬಂತು. ಸೆಕ್ರೆಟರಿ ತುಂಬ ಮೃದುವಾಗಿ ಮಾತಾಡಿದರು. ಕಂಪ್ಯೂಟರನ್ನು ಕೇಳಿ ಕೇಳಿ ಆಡುವವರು ಈಗ ಬಹಳ ಇದ್ದಾರೆ, ಮಾಮಿಯ ವಯಸ್ಸಿಗೆ ಇಂಥ ಆಟ ನಂಬಲು ಕಷ್ಟ, ಟ್ಯಾಬ್ ಹಾಕಿಕೊಟ್ಟವರು ನೀವೇ ಅಲ್ಲವೇ, ಅದರಲ್ಲಿ ಬೇರೆ ಏನಾದರೂ ಇದೆಯೇ ಎಂದು ಕೇಳಿದರು.

ಇಲ್ಲ ಎನ್ನಲು ಒಂದು ಕ್ಷಣ ಸಾಕಾಗಿತ್ತು.

"ತೆರಿಯಲೆ ಸಾರ್," ಎಂದೆ. ಗೊತ್ತಿಲ್ಲ ಎಂದು.

ಹತ್ತು ನಿಮಿಷದಲ್ಲಿ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಅವರ ಮೆಸೇಜ್ ಬಂತು. ಟ್ಯಾಬ್ ಹಾಕಿಕೊಟ್ಟ ಎದುರು ಮನೆಯವರಿಗೂ ಖಾತ್ರಿ ಇಲ್ಲ, ಆದ್ದರಿಂದ ಫಲಿತಾಂಶವನ್ನು ತಡೆಹಿಡಿಯಲಾಗಿದೆ. ಮಾಮಿಯೂ ಆ ಗುಂಪಿನಲ್ಲಿದ್ದರು. ಒಬ್ಬರಾದರೂ ಅವರ ಪರ ಒಂದು ಮಾತು ಬರೆಯಲಿಲ್ಲ. ನಾನು ಬರೆಯಬಹುದಿತ್ತು. ಟೈಪ್ ಮಾಡಿದೆ ಕೂಡ, ಅಳಿಸಿದೆ... ಎಷ್ಟು ಸಲ ಎಂದು ಈಗ ನೆನಪಿಲ್ಲ. ನನ್ನ ಗಂಡ, ನಮಗ್ಯಾಕೆ ಈ ಉಸಾಬರಿ ಎಂದರು. ಆ ಮಾತು ನನಗೆ ಬೇಕಾಗಿತ್ತು.

ಮಾಮಿ ಗುಂಪಿನಲ್ಲಿ ಒಂದೇ ಸಾಲು ಬರೆದರು: ಎಲ್ಲರ ಎದುರು ಬೋರ್ಡಿನಲ್ಲಿ ಆಡುತ್ತೇನೆ.

ಮುಂದಿನ ಭಾನುವಾರ ಹಾಲ್‌ನ ಬೀಗ ತೆಗೆಸಿದರು. ಹದಿನೈದು ಇಪ್ಪತ್ತು ಜನ ದೂರ ದೂರ ಕುರ್ಚಿ ಹಾಕಿಕೊಂಡು ಕೂತರು. ನಾನು ಹಿಂದಿನ ಸಾಲಿನಲ್ಲಿದ್ದೆ. ಮಾಮಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಅಷ್ಟು ವರ್ಷಗಳ ಮೇಲೆ ಮರದ ಕಾಯಿ ಮುಟ್ಟುತ್ತಿದ್ದರಲ್ಲ, ಮೊದಲ ನಾಲ್ಕೈದು ನಡೆಗಳಲ್ಲಿ ಟ್ಯಾಬ್ ಮೇಲೆ ಎಳೆಯುವ ಹಾಗೆ ಕಾಯಿಯನ್ನು ಎಳೆದರು. ಒಂದು ಕಾಲಾಳು ಉರುಳಿಬಿತ್ತು, ಯಾರೋ ಕಿಸಕ್ಕೆಂದರು. ಆಮೇಲೆ ಕೈ ಪಳಗಿತು. ಒಂದು ಗಂಟೆಯೊಳಗೆ ಸೆಕ್ರೆಟರಿಯ ರಾಜನಿಗೆ ಹೋಗಲು ದಾರಿ ಇರಲಿಲ್ಲ.

ಒಂದಿಬ್ಬರು ಚಪ್ಪಾಳೆ ತಟ್ಟಿದರು. ಇದನ್ನು ಗುಂಪಿನಲ್ಲಿ ಬರೆಯಬೇಕು ಎಂದು ಮಾಮಿ ತಮಿಳಿನಲ್ಲಿ ಕೇಳಿದರು. ಎಲ್ಲರೂ ನೋಡಿದರಲ್ಲ ಮಾಮಿ, ಬರೆಯುವುದೇನಿದೆ, ಆಟ ತಾನೇ ಎಂದು ಸೆಕ್ರೆಟರಿ ನಕ್ಕರು. ಅವರು ಬರೆಯಲಿಲ್ಲ. ಹಾಲ್‌ಗೆ ಬಾರದವರ ಬಾಯಲ್ಲಿ ಹಳೆಯ ಮಾತೇ ಉಳಿಯಿತು.

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಅವತ್ತು ಮಾಮಿ ಚೆನ್ನಾಗಿ ಆಡಿದರೆಂದು ನಾನು ಏನೋ ಗೊಣಗಿದೆ. ನಮ್ಮ ಮಹಡಿ ಬಂದು ಬಾಗಿಲು ತೆರೆದಾಗ ಅವರು ಹೊರಗೆ ಕಾಲಿಟ್ಟು ತಿರುಗಿದರು.

"ಅವರೆಲ್ಲ ಗೊತ್ತಿಲ್ದೆ ಹೇಳಿದ್ರು," ಎಂದರು. "ನಿಂಗೆ ಗೊತ್ತಿತ್ತು."

ಆಮೇಲೆ ಅವರ ಮನೆಯ ಬಾಗಿಲು ನನಗೆ ತೆರೆಯಲಿಲ್ಲ. ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಆ ದಿನಗಳಲ್ಲಿ ಎಲ್ಲರೂ ಎಲ್ಲರಿಗೂ ಸರಿಯುತ್ತಿದ್ದ ಹಾಗೆ. ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಟ್ಯಾಬ್‌ನಲ್ಲಿ ಕಾಯಿ ಇಡುವಾಗ ಆಗುವ ಟಕ್ ಎಂಬ ಸದ್ದು ಆ ಮನೆಯಿಂದ ಮತ್ತೆ ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಮಗಳು ಬಂದು ಕ್ರೋಂಪೇಟೆಗೆ ಕರೆದುಕೊಂಡು ಹೋದಳು. ಸಾಮಾನು ಇಳಿಸುವಾಗ ನಾನು ಅಡಿಗೆಮನೆಯಲ್ಲೇ ಇದ್ದೆ. ಮಾರನೆಯ ವರ್ಷ ಹೃದಯಾಘಾತವಾಗಿ ಮಾಮಿ ಹೋದರೆಂಬ ಸುದ್ದಿ ಅದೇ ವಾಟ್ಸಾಪ್ ಗುಂಪಿನಲ್ಲಿ ಬಂತು. ಮೊದಲು ಕೈಮುಗಿದ ಚಿತ್ರ ಹಾಕಿದವರು ಸೆಕ್ರೆಟರಿ. ಎರಡನೆಯವಳು ನಾನಿರಬೇಕು.

ಈಗ ನಮ್ಮ ಕಟ್ಟಡದಲ್ಲಿ ಪ್ರತಿ ವರ್ಷ ಚೆಸ್ ಪಂದ್ಯ ನಡೆಯುತ್ತದೆ. ಈ ವರ್ಷ, ಮೊನ್ನೆ ಭಾನುವಾರ, ಅದು ಮಾಮಿಯ ಹೆಸರಿನಲ್ಲಿ ನಡೆಯಿತು. ಹಾಲ್‌ನಲ್ಲಿ ಅವರ ಫೋಟೋ, ಅದಕ್ಕೊಂದು ಹಾರ. ತನ್ನನ್ನೂ ಸೋಲಿಸಿದ ಮಹಾ ಬುದ್ಧಿವಂತೆ ಎಂದು ಸೆಕ್ರೆಟರಿ ಭಾಷಣ ಮಾಡಿದರು, ಜನ ನಕ್ಕರು. ಎದುರು ಮನೆಯವರೆಂದು ನನ್ನನ್ನೂ ಎರಡು ಮಾತಾಡಲು ಕರೆದರು. ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡೇ ಎದ್ದೆ. ಮೈಕ್ ಹಿಡಿದು, ಮಾಮಿಗೆ ಟ್ಯಾಬ್ ಹಾಕಿಕೊಟ್ಟವಳು ನಾನೇ ಎಂದೆ. ಚಪ್ಪಾಳೆ ಬಂತು. ಅಲ್ಲಿಗೇ ಕೂತುಬಿಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ಮಾಮಿಯ ಮಗಳು ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮಾಮಿ ತಮ್ಮ ಮಗಳಿಗೂ ಏನೂ ಹೇಳಿರಲಿಲ್ಲ. ಹೇಳಿದ್ದರೆ ಆ ಕೈ ನನ್ನನ್ನು ಮುಟ್ಟುತ್ತಿರಲಿಲ್ಲ.

"ಆ ಟೈಮಲ್ಲಿ ಅಮ್ಮಂಗೆ ನೀವೊಬ್ರೇ ತುಣೈ, ಜೊತೆಗೆ ಇದ್ದಿದ್ದು. ನಿಮ್ಮನ್ನ ಮರೆಯಕ್ಕಾಗಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು.

ತಪ್ಪಾಯಿತು ಎಂದು ನಾನು ಹೇಳಬೇಕಿದ್ದದ್ದು ಮಾಮಿಯೊಬ್ಬರಿಗೇ. ಅವರು ಇಲ್ಲ. ಮಗಳ ಕೈಯೊಳಗಿನ ನನ್ನ ಕೈಗಳನ್ನು ಬಿಡಿಸಿಕೊಳ್ಳದೆ, ಇಂಥ ಸಮಯದಲ್ಲಿ ಎಲ್ಲರೂ ಅನ್ನುವುದನ್ನೇ ನಾನೂ ಅಂದೆ.

"ಅಯ್ಯೋ ಬಿಡ್ರಿ, ನಾನೇನು ಮಾಡಿದೆ."