ಗೋಲ್ಡ್ ಫಿಶ್‌ಗೆ ಕಡಲ ನೀರು

ಸ್ವರ್ಣಲತಾ ಆಂಟಿಯ ಎದುರು ಮೀನಿನ ಬಗ್ಗೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಅವರು ಮಲ್ಪೆಯ, ಮೀನು ಹಿಡಿಯುವ ಮೊಗವೀರರ ಮನೆಯವರು. ಬಂಗುಡೆಯ ಕಿವಿರು ಎತ್ತಿ ನೋಡಿ, ಅದು ಎಷ್ಟು ದಿನದ್ದು ಎಂದು ಹೇಳಿಬಿಡುತ್ತಾರೆ. ಇಲ್ಲಿ ಗಲ್ಫಿನಲ್ಲೂ, ಅಲ್ ವಕ್ರಾದ ಮೀನಿನಂಗಡಿಯವನು ದೂರದಲ್ಲಿ ಅವರನ್ನು ಕಂಡರೆ ಸಾಕು, ನಿನ್ನೆಯ ಬುಟ್ಟಿಯನ್ನು ಕಾಲಿನಿಂದಲೇ ಹಿಂದೆ ತಳ್ಳುತ್ತಾನೆ.

ಅಲ್ ವುಕೈರ್‌ನ ನೆಲಮಹಡಿಯ ಮನೆಯಲ್ಲಿ ಅವರು ಒಂಬತ್ತು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದರ ಲೈಸೆನ್ಸಿಗಾಗಿ ಎರಡು ವರ್ಷ ಓಡಾಡಿದವರು. ಸಿಕ್ಕಿದ ದಿನವೇ ಫ್ರೇಮ್ ಹಾಕಿಸಿ ಗಣಪತಿಯ ಪಟದ ಪಕ್ಕ ತೂಗುಹಾಕಿದರು. ಬೆಳಿಗ್ಗೆ ಹೂವು ಎರಡಕ್ಕೂ ಇಡುತ್ತಾರೆ.

ಊಟ ಮಾಡದ ಮಕ್ಕಳನ್ನು ಕೂರಿಸಲೆಂದು ಒಂದು ಗಾಜಿನ ತೊಟ್ಟಿಯೂ ಏಳು ಗೋಲ್ಡ್ ಫಿಶ್‌ಗಳೂ ಬಂದವು. ಜೊತೆಗೆ ಲೈಸೆನ್ಸ್ ಆಫೀಸಿನ ಕಾನೂನೂ ಬಂತು. ಮುಚ್ಚಳಕ್ಕೆ ಬೀಗ ಬೇಕು, ನೀರು ಬದಲಿಸಿದ ತಾರೀಕು ಪುಸ್ತಕದಲ್ಲಿ ಬೇಕು, ಮೀನಿಗೆ ಯಾರು ಜವಾಬ್ದಾರರು ಎಂದು ಒಬ್ಬರ ಹೆಸರು ಬೇಕು. ಆಂಟಿ ಅಲ್ಲಿ ಸಹಾಯಕ್ಕಿದ್ದ ರಾಹಿಲಾಳ ಹೆಸರು ಬರೆದರು.

"ನನ್ನ ಹೆಸರು ಯಾಕೆ ಅಕ್ಕ?"

"ಬರೀ ಹೆಸರು ಮಾರಾಯ್ತಿ. ನಿನ್ನ ತಲೆ ಕೇಳಿದ್ರಾ?"

ರಾಹಿಲಾ ಉಳ್ಳಾಲದವಳು. ಅವಳ ಗಂಡ ಫವಾಝ್, ಆಂಟಿಯ ಗಂಡನ ಕಂಪನಿಯಲ್ಲಿ ವ್ಯಾನ್ ಓಡಿಸುತ್ತಾನೆ. ವೀಸಾ ಕೊಡಿಸಿದ್ದೂ ಅವರೇ. ಆದ್ದರಿಂದ ಅವಳು ಆ ಮನೆಯಲ್ಲಿ ಯಾವುದನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ.

ಲೈಸೆನ್ಸ್ ನವೀಕರಣಕ್ಕೆ ಆಫೀಸಿನವರು ಬರುವ ಭಾನುವಾರ ಬೆಳಿಗ್ಗೆ ಮೀನುಗಳು ಮಂಕಾಗಿದ್ದವು. ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹಿಂದಿನ ದಿನ ಆಂಟಿ ನಲ್ಲಿಯ ಕ್ಲೋರಿನ್ ನೀರನ್ನು ನೇರ ತುಂಬಿಸಿದ್ದರು. ಈಗ ಅಡುಗೆಮನೆಯಿಂದ ಎರಡು ಕ್ಯಾನ್ ಎಳೆದು ತಂದರು. ಶುಕ್ರವಾರ ವಕ್ರಾ ಬೀಚಿನಿಂದ ತುಂಬಿಸಿ ತಂದ ಕಡಲ ನೀರು.

"ಅಕ್ಕ, ಇದು ಸಿಹಿನೀರಿನ ಮೀನು. ಅಂಗಡಿಯವ ಹೇಳಿದ್ದಾನೆ," ಎಂದಳು ರಾಹಿಲಾ.

"ಅಂಗಡಿಯವನ ಅಜ್ಜ ಬಲೆ ಬೀಸಿದ್ದಾನಾ? ನನ್ನ ಅಜ್ಜ ಬೀಸಿದ್ದು."

"ಬೇಡ ಅಕ್ಕ. ಇವತ್ತು ಒಂದು ದಿನ ಬೇಡ."

"ಉಪ್ಪು ತೆಗ್ದ ಮೆಷಿನ್ ನೀರು ಕುಡ್ದು ಕುಡ್ದು ಅವಕ್ಕೆ ಸುಸ್ತು. ಮೀನಿನ ವಿಷಯ ನನಗೆ ನೀನು ಹೇಳಿಕೊಡುದಾ? ಸರಿ ಅತ್ಲಾಗೆ."

ಅರ್ಧ ನೀರು ತೆಗೆದು ಎರಡೂ ಕ್ಯಾನ್ ಸುರಿದರು. ಗಲ್ಫಿನ ಕಡಲಿನ ಉಪ್ಪು ನಾಲಿಗೆಗೆ ಇಟ್ಟರೆ ಕಹಿ. ಏಳೂ ಮೀನುಗಳು ಒಮ್ಮೆಲೇ ಹುಚ್ಚೆದ್ದು ಓಡಾಡಿದವು. "ನೋಡು, ಜೀವ ಬಂತು," ಎಂದು ಆಂಟಿ ನಕ್ಕು ಸೀರೆ ಬದಲಿಸಲು ಹೋದರು.

ಹತ್ತು ಗಂಟೆಗೆ ಆಫೀಸಿನ ಹೆಂಗಸು ಫೈಲು ಹಿಡಿದು ಬಂದಾಗ ನಾಲ್ಕು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ಮೂರು ಪಕ್ಕಕ್ಕೆ ವಾಲಿ ಒದ್ದಾಡುತ್ತಿದ್ದವು. ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

"ಇದಕ್ಕೆ ಏನಾಯಿತು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

ಉತ್ತರ ಕೊಟ್ಟದ್ದು ನಾಲ್ಕು ವರ್ಷದ ಮೋಕ್ಷಾ. ಉಡುಪಿಯಿಂದ ಬಂದು ತಿಂಗಳಾಗಿತ್ತು, ಕನ್ನಡ ಬಿಟ್ಟರೆ ಬೇರೆ ಬಾರದು. ಖಾಲಿ ಕ್ಯಾನಿನ ಕಡೆ ಬೆರಳು ಮಾಡಿದಳು. "ಸ್ವರ್ಣಾಂಟಿ ಬೀಚಿನ ನೀರು ಹಾಕಿದ್ರು. ರಾಹಿಲಾಂಟಿ ಬೇಡ ಬೇಡ ಹೇಳಿದ್ರು."

"ಮಗು ಏನು ಹೇಳುತ್ತಿದೆ?"

ಆಂಟಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. "ರಾಹಿಲಾ ಆಂಟಿ ಬೀಚಿನ ನೀರು ಹಾಕಿದರು, ಸ್ವರ್ಣಾಂಟಿ ಬೇಡ ಬೇಡ ಎಂದರು ಅಂತ ಹೇಳುತ್ತಿದೆ. ಪಾಪ, ಹೆದರಿದೆ."

ಆ ಹೆಂಗಸು ಪುಸ್ತಕದಲ್ಲಿದ್ದ ಹೆಸರನ್ನು ನೋಡಿ ರಾಹಿಲಾಳ ಕಡೆ ತಿರುಗಿದರು. "ಮಗು ಹೇಳಿದ್ದು ಇದನ್ನೇ ತಾನೆ?"

ಆಂಟಿ ರಾಹಿಲಾಳನ್ನೇ ನೋಡುತ್ತ ಮೆಲ್ಲಗೆ, ಕನ್ನಡದಲ್ಲಿ, "ಫವಾಝ್ ಇವತ್ತು ಡ್ಯೂಟಿಗೆ ಹೋಗಿದ್ದಾನಲ್ಲಾ?" ಎಂದರು.

"ಯೆಸ್ ಮೇಡಂ," ಎಂದಳು ರಾಹಿಲಾ. "ಅದನ್ನೇ ಹೇಳಿದ್ದು."

ಆಕೆ ಬರೆದುಕೊಂಡರು. ಮೀನಿಗೆ ಹೀಗೆ ಮಾಡಿದವಳು ನಾಳೆ ಮಗುವಿಗೆ ಏನು ಮಾಡಿಯಾಳು? ಇವತ್ತಿನಿಂದ ಇವಳು ಇಲ್ಲಿ ಇರುವಂತಿಲ್ಲ, ಲೈಸೆನ್ಸ್ ಮುಂದುವರಿಯಲಿ. "ಖಲಾಸ್," ಎಂದು ಫೈಲು ಮುಚ್ಚಿದರು.

ಅವರ ಕಾರು ಹೋದ ಮೇಲೆ ಆಂಟಿ ಚಹಾಕ್ಕೆ ಇಟ್ಟರು. "ಲೈಸೆನ್ಸ್ ಹೋಗಿದ್ರೆ ನಂಗೂ ಇಲ್ಲ, ನಿಂಗೂ ಇಲ್ಲ. ಈಗ ಒಬ್ಬರದ್ದಾದ್ರೂ ಉಳೀತಲ್ಲ. ಹೋಗುವ ಮೊದ್ಲು ಆ ತೊಟ್ಟಿ ತೊಳ್ದಿಡು, ವಾಸನೆ ಬರ್ತದೆ."

ರಾಹಿಲಾ ಬಟ್ಟೆಯ ತೋಳು ಮಡಚಿ ಒಂದೊಂದೇ ಮೀನನ್ನು ತೆಗೆದು ಕಸದ ಚೀಲಕ್ಕೆ ಹಾಕಿದಳು. ಕೊನೆಯದಕ್ಕೆ ಇನ್ನೂ ಉಸಿರಿತ್ತು. "ಅದನ್ನೂ ಹಾಕು," ಎಂದರು ಆಂಟಿ.

ಎರಡು ಗಂಟೆಗೆ ಮಗಳನ್ನು ಕರೆದೊಯ್ಯಲು ಮೋಕ್ಷಾಳ ಅಮ್ಮ ತನಿಯ ಬಂದಳು. ಮೋಕ್ಷಾ ಬಾಗಿಲಲ್ಲೇ ಎಲ್ಲವನ್ನೂ ಒದರಿದಳು, ಬೀಚು, ಕ್ಯಾನು, ಬೇಡ ಬೇಡ ಎಂದದ್ದು. ತನಿಯ ಆಂಟಿಯ ಮುಖ ನೋಡಿದಳು.

"ಇದೇ ನೋಡು ಕಷ್ಟ," ಎಂದರು ಆಂಟಿ. "ಸುಳ್ಳು ಹೇಳುವ ಮಗುವನ್ನು ಹೇಗೆ ಇಟ್ಕೊಳ್ಳುದು ತನಿಯ? ಮೊದಲೇ ಈಗ ನಂಗೆ ಕೈಗೆ ಜನ ಇಲ್ಲ."

ತನಿಯಳಿಗೆ ಮರುದಿನ ಏಳಕ್ಕೆ ಆಫೀಸು. ಮಗುವನ್ನು ಬಿಡಲು ಬೇರೆ ಜಾಗವಿಲ್ಲ. ಮೊಣಕೈವರೆಗೆ ಒದ್ದೆಯಾಗಿ ನಿಂತಿದ್ದ ರಾಹಿಲಾಳ ಕಡೆ ಒಮ್ಮೆ ನೋಡಿದಳು. ರಾಹಿಲಾ ನೆಲ ನೋಡಿದಳು. ತನಿಯಳಿಗೆ ಅರ್ಥವಾಯಿತು.

"ಸುಳ್ಳು ಹೇಳಿದ್ದಕ್ಕೆ ಸಾರಿ ಕೇಳು," ಎಂದಳು ಮಗಳಿಗೆ.

"ನಾನು ನೋಡಿದ್ದೇನೆ ಅಮ್ಮ."

"ಕೇಳು ಅಂದ್ರೆ ಕೇಳು."

ಮೋಕ್ಷಾ ಅಳುತ್ತ ರಾಹಿಲಾಳ ಬಳಿ ಹೋಗಿ ಅವಳ ಒದ್ದೆ ಕೈ ಹಿಡಿದು "ಸಾರಿ" ಎಂದಳು.

"ಅವರಿಗಲ್ಲ," ಎಂದು ತನಿಯ ಮಗಳ ಭುಜ ಹಿಡಿದು ಆಂಟಿಯ ಕಡೆ ತಿರುಗಿಸಿದಳು.